ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಕ್ಕಳನ್ನು ಕಳುಹಿಸಿಕೊಟ್ಟ ತಂದೆ

1854ರ ಕ್ರಿಸ್‌ಮಸ್. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪಾಪ್ಲರ್ ನೆಕ್ ಎಂಬಲ್ಲಿ, ನಾಟಾ ಕೆಲಸದ ಮುದುಕ ಬೆನ್ ರಾಸ್‌ನ ಗುಡಿಸಲಿನ ಹತ್ತಿರ ಒಂದು ಮೇವಿನ ಕೊಟ್ಟಿಗೆ. ಅದರೊಳಗೆ, ಗುಲಾಮರಾಗಿದ್ದ ಅವನ ಮೂವರು ಗಂಡುಮಕ್ಕಳು ಅಡಗಿ ಕುಳಿತಿದ್ದರು. ಅವರನ್ನು ಕರೆದೊಯ್ಯಲು ಬಂದ ಮಗಳು ಹ್ಯಾರಿಯೆಟ್ ಕೂಡ ಅಲ್ಲೇ ಇದ್ದಳು. ಗುಡಿಸಲಿನಲ್ಲಿ ತಾಯಿ ರಿಟ್ ಹಬ್ಬದ ಅಡುಗೆ ಮಾಡಿಟ್ಟು, ಗಂಡುಮಕ್ಕಳು ಊಟಕ್ಕೆ ಬರುತ್ತಾರೆಂದು ದಾರಿ ಕಾಯುತ್ತಿದ್ದಳು. ಅವಳಿಗೆ ಯಾರೂ ವಿಷಯ ತಿಳಿಸಿರಲಿಲ್ಲ. ತಿಳಿದರೆ ತಡೆಯಲಾರದೆ ಗೋಳಾಡುತ್ತಾಳೆ, ಆ ಸದ್ದು ಬೇರೆಯವರ ಕಿವಿಗೆ ಬೀಳುತ್ತದೆ ಎಂಬ ಭಯ. ಗೋಡೆಯ ಸಂದಿನಿಂದ ಮಕ್ಕಳು ಅವಳನ್ನು ನೋಡಿದರು. ಒಲೆಯ ಮುಂದೆ ಬಾಯಲ್ಲಿ ಚುಂಗಾಣಿ, ಕೈಮೇಲೆ ತಲೆ ಇಟ್ಟು ಕುಳಿತಿದ್ದಳು. ಹ್ಯಾರಿಯೆಟ್ ತಾಯಿಯ ಮುಖ ಕಂಡು ಐದು ವರ್ಷವಾಗಿತ್ತು. ಆದರೂ ಒಳಗೆ ಹೋಗಲಿಲ್ಲ.

ತಂದೆಗೆ ಮಾತ್ರ ಗೊತ್ತಿತ್ತು. ಅವನು ಊಟ ತಂದು ಕೊಟ್ಟಿಗೆಯ ಬಾಗಿಲೊಳಗೆ ಇಟ್ಟ, ಮಕ್ಕಳತ್ತ ಕಣ್ಣೆತ್ತಿ ನೋಡಲಿಲ್ಲ. ರಾತ್ರಿ ಅವರು ಹೊರಟಾಗ ಕಣ್ಣಿಗೆ ಕರವಸ್ತ್ರ ಬಿಗಿಯಾಗಿ ಕಟ್ಟಿಕೊಂಡು ಬಂದ. ಆ ಕಡೆ ಒಬ್ಬ ಮಗ, ಈ ಕಡೆ ಒಬ್ಬ ಮಗ, ಇಬ್ಬರ ತೋಳು ಹಿಡಿದು ಸ್ವಲ್ಪ ದೂರ ನಡೆದ. ಆಮೇಲೆ ನಿಂತ. ಹೆಜ್ಜೆ ಸದ್ದು ಪೂರಾ ಅಡಗುವವರೆಗೂ ನಿಂತಿದ್ದು, ಬಟ್ಟೆ ಬಿಚ್ಚಿ ಮನೆಗೆ ತಿರುಗಿದ.

ಹಬ್ಬದ ಮರುದಿನ ಆ ಮೂವರನ್ನು ಹರಾಜು ಹಾಕುವುದೆಂದು ಒಡತಿ ಗೊತ್ತುಮಾಡಿದ್ದಳು. ಆಳುಗಳು ಕಾಣೆಯಾದಾಗ ಹುಡುಕುತ್ತಾ ಬಂದವರು ಬೆನ್ ರಾಸ್‌ನನ್ನು ಕೇಳಿದರು. ಈ ಕ್ರಿಸ್‌ಮಸ್‌ನಲ್ಲಿ ಮಕ್ಕಳಲ್ಲಿ ಒಬ್ಬರನ್ನೂ ನೋಡಿಲ್ಲ ಎಂದು ಅವನು ಹೇಳಿದ. ಸುಳ್ಳು ಹೇಳುವವನಲ್ಲ ಎಂದು ಇಡೀ ಊರಿಗೆ ಗೊತ್ತಿದ್ದ ಮನುಷ್ಯ ಅವನು. ಆ ದಿನವೂ ಅವನು ಸುಳ್ಳು ಹೇಳಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಲಾಮರು ತಪ್ಪಿಸಿಕೊಳ್ಳಲು ನೆರವಾದವರ ಬಗ್ಗೆ ಮಾತೆತ್ತಿದರೆ ಬರುವ ಹೆಸರು ‘ಅಂಡರ್‌ಗ್ರೌಂಡ್ ರೈಲ್‌ರೋಡ್’, ಅಂದರೆ ಭೂಗತ ರೈಲುಮಾರ್ಗ. ಶಾಲೆಯ ಮಕ್ಕಳು ಇದನ್ನು ಕೇಳಿದಾಗ ನೆಲದಡಿಯಲ್ಲಿ ಸುರಂಗ, ಸುರಂಗದಲ್ಲಿ ರೈಲು ಎಂದುಕೊಳ್ಳುತ್ತಾರೆ. ದೊಡ್ಡವರಲ್ಲೂ ಹಲವರು ಒಂದು ಸಂಸ್ಥೆ, ಅದಕ್ಕೊಬ್ಬ ಮುಖ್ಯಸ್ಥ, ಒಂದು ಗುಪ್ತ ನಕ್ಷೆ ಇದ್ದಿರಬೇಕೆಂದು ಭಾವಿಸುತ್ತಾರೆ. ಇದಾವುದೂ ಇರಲಿಲ್ಲ. 1830ರ ದಶಕದಲ್ಲಿ ರೈಲು ಆ ದೇಶಕ್ಕೆ ಹೊಸದು, ಎಲ್ಲರ ಬಾಯಲ್ಲೂ ಅದೇ ಮಾತು. ಗುಟ್ಟಾಗಿ ಜನರನ್ನು ದಾಟಿಸುವ ಕೆಲಸಕ್ಕೂ ಅದರ ಪದಗಳೇ ಅಂಟಿಕೊಂಡವು. ಆಶ್ರಯ ಕೊಡುವ ಮನೆ ‘ಸ್ಟೇಷನ್’, ಮನೆಯವರು ‘ಸ್ಟೇಷನ್ ಮಾಸ್ಟರ್’, ದಾರಿ ತೋರಿಸುವವರು ‘ಕಂಡಕ್ಟರ್’, ತಪ್ಪಿಸಿಕೊಂಡು ಬಂದವರು ‘ಪ್ರಯಾಣಿಕರು’. ನಿಜವಾಗಿ ಇದ್ದದ್ದು ಇಷ್ಟೇ: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜೀವವೊಂದನ್ನು ದಾಟಿಸುವ ಜನ. ತಮ್ಮ ಮುಂದಿನ ಮನೆ ಯಾವುದು ಎಂಬುದಷ್ಟೇ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ತಿಳಿಯದಿರುವುದೇ ಕ್ಷೇಮವಾಗಿತ್ತು, ಏಕೆಂದರೆ ಗೊತ್ತಿಲ್ಲದ್ದನ್ನು ಯಾರೂ ಬಾಯಿ ಬಿಡಿಸಲಾರರು. ಬೆನ್ ರಾಸ್‌ನ ಕರವಸ್ತ್ರವೂ ಅದನ್ನೇ ಮಾಡಿತು.

ಇಂಥ ದಾರಿಗಳು ಅಮೆರಿಕದಲ್ಲಿ ಹಲವಿದ್ದವು. ಓಹಿಯೋ ನದಿ ದಾಟಿ ಹೋಗುವವು, ಹಡಗಿನಲ್ಲಿ ಹೋಗುವವು. ದಕ್ಷಿಣಕ್ಕೆ ಮೆಕ್ಸಿಕೋದತ್ತ ಹೋಗುವವೂ ಇದ್ದವು, ಏಕೆಂದರೆ 1829ರಲ್ಲೇ ಆ ದೇಶ ಗುಲಾಮಗಿರಿಯನ್ನು ನಿಷೇಧಿಸಿತ್ತು. ಎಲ್ಲವನ್ನೂ ಹೇಳಹೊರಟರೆ ಒಂದೂ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕಾಗಿ ಒಂದೇ ದಾರಿಯನ್ನು ಹಿಡಿದು ನಡೆಯೋಣ. ಮೇರಿಲ್ಯಾಂಡಿನ ಪೂರ್ವ ತೀರದಿಂದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಪಟ್ಟಣದ ಮೂಲಕ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದವರೆಗಿನ ದಾರಿ ಅದು.

ಮೊದಲು ಕಾನೂನು ಏನಿತ್ತು ಎಂಬುದನ್ನು ತಿಳಿಯಬೇಕು, ಇಲ್ಲದಿದ್ದರೆ ಈ ಜನ ಮಾಡಿದ್ದರ ತೂಕ ಗೊತ್ತಾಗುವುದಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮನೆಂದರೆ ಒಡೆಯನ ಆಸ್ತಿ, ಎತ್ತು ಕುದುರೆಗಳ ಹಾಗೆ. ಗುಲಾಮ ತಾಯಿಗೆ ಹುಟ್ಟಿದ ಮಗುವೂ ಗುಲಾಮ. ತಂದೆ ಸ್ವತಂತ್ರನಾಗಿದ್ದರೂ ಅಷ್ಟೇ. ಉತ್ತರದ ರಾಜ್ಯಗಳು ಗುಲಾಮಗಿರಿಯನ್ನು ಕೈಬಿಟ್ಟಿದ್ದವು. ಆದರೆ ಅಲ್ಲಿಗೆ ಓಡಿಹೋದವರನ್ನು ಹಿಡಿದು ತರುವ ಹಕ್ಕನ್ನು ಒಡೆಯನಿಗೆ 1793ರ ಕೇಂದ್ರ ಕಾನೂನು ಕೊಟ್ಟಿತ್ತು. 1850ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಹಿಡಿದು ತಂದ ವ್ಯಕ್ತಿಗೆ ತನ್ನ ಪರವಾಗಿ ಸಾಕ್ಷಿ ಹೇಳುವ ಹಕ್ಕಿಲ್ಲ, ಜ್ಯೂರಿಯ ವಿಚಾರಣೆ ಇಲ್ಲ. ತೀರ್ಮಾನ ಕೊಡುವ ಕಮಿಷನರನಿಗೆ, ಆ ವ್ಯಕ್ತಿ ಗುಲಾಮನೆಂದು ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಟ್ಟುಬಿಟ್ಟರೆ 5 ಡಾಲರ್. ತಪ್ಪಿಸಿಕೊಂಡವರಿಗೆ ಅನ್ನ ಹಾಕಿದವರಿಗೆ, ಜಾಗ ಕೊಟ್ಟವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಹಿಡಿಯಲು ಸಹಾಯ ಮಾಡೆಂದು ದಾರಿಹೋಕನಿಗೂ ಅಧಿಕಾರಿ ಆಜ್ಞೆ ಮಾಡಬಹುದಿತ್ತು. ಹೀಗಾಗಿ ಫಿಲಡೆಲ್ಫಿಯಾ ತಲುಪಿದರೂ ಬಿಡುಗಡೆ ಸಿಕ್ಕಿದಂತಾಗಲಿಲ್ಲ. ದಾರಿ ಕೆನಡಾದವರೆಗೆ ಉದ್ದವಾಯಿತು. ಆಗ ಕೆನಡಾ ಬ್ರಿಟಿಷರದು, ಅಲ್ಲಿ 1834ರಿಂದ ಗುಲಾಮಗಿರಿ ಇರಲಿಲ್ಲ.

ಇವು ಕೇಂದ್ರದ ಕಾನೂನುಗಳು. ಮೇರಿಲ್ಯಾಂಡಿನಲ್ಲೇ ಇದ್ದುಕೊಂಡು ಸಹಾಯ ಮಾಡುವ ಸ್ವತಂತ್ರ ಕಪ್ಪು ಮನುಷ್ಯನಿಗೆ ರಾಜ್ಯದ ಕಾನೂನು ವರ್ಷಗಟ್ಟಲೆ ಜೈಲು ತೋರಿಸುತ್ತಿತ್ತು.

ಇಷ್ಟಾದರೂ ಅಲ್ಲಿ ಸಹಾಯ ಮಾಡುವವರು ಸಿಕ್ಕಿದ್ದು ಹೇಗೆ? ಉತ್ತರ ಜನಗಣತಿಯಲ್ಲಿದೆ. 1860ರಲ್ಲಿ ಮೇರಿಲ್ಯಾಂಡಿನಲ್ಲಿ ಸುಮಾರು 87 ಸಾವಿರ ಗುಲಾಮರಿದ್ದರು, ಸುಮಾರು 84 ಸಾವಿರ ಸ್ವತಂತ್ರ ಕಪ್ಪು ಜನರಿದ್ದರು. ಗಂಡ ಸ್ವತಂತ್ರ, ಹೆಂಡತಿ ಗುಲಾಮಳು. ತಂದೆ ಸ್ವತಂತ್ರ, ಮಕ್ಕಳು ಗುಲಾಮರು. ಇಂಥ ಮನೆಗಳು ಪ್ರತಿ ಊರಿನಲ್ಲಿದ್ದವು. ಬೆನ್ ರಾಸ್‌ನದೂ ಅಂಥದೇ ಮನೆ. 1840ರಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತ್ತು, ಹೆಂಡತಿ ಮಕ್ಕಳಿಗೆ ಸಿಕ್ಕಿರಲಿಲ್ಲ. ಸ್ವತಂತ್ರರಾದ ಕಪ್ಪು ಗಂಡಸರು ದೋಣಿ ನಡೆಸುತ್ತಿದ್ದರು, ನಾಟಾ ಸಾಗಿಸುತ್ತಿದ್ದರು, ಹಡಗು ಕಟ್ಟುತ್ತಿದ್ದರು. ಯಾವ ನದಿ ಎಲ್ಲಿ ಆಳ, ಯಾರ ನಾಯಿ ಬೊಗಳುತ್ತದೆ, ಯಾವ ರಾತ್ರಿ ಕಾವಲು ಸಡಿಲ ಎಂಬುದು ಅವರಿಗೆ ಗೊತ್ತಿತ್ತು. ಈ ಕಥೆ ಹೇಳುವಾಗ ಉತ್ತರದ ದಯಾಳು ಬಿಳಿಯರಿಂದ ಶುರುಮಾಡುವುದು ಹಳೆಯ ರೂಢಿ. ಅವರ ದಯೆ ನಿಜ, ಧೈರ್ಯವೂ ನಿಜ. ಆದರೆ ಓಡಿಬಂದವನು ಅವರ ಬಾಗಿಲು ತಟ್ಟುವ ಹೊತ್ತಿಗೆ ಅತ್ಯಂತ ಅಪಾಯದ ಹಾದಿ ಆಗಲೇ ಮುಗಿದಿರುತ್ತಿತ್ತು. ಆ ಹಾದಿಯಲ್ಲಿ ಕೈ ಹಿಡಿದವರು ಬಹುಪಾಲು ಕಪ್ಪು ಜನರೇ. ಅವರಲ್ಲಿ ತಾವೇ ಇನ್ನೂ ಗುಲಾಮರಾಗಿದ್ದವರೂ ಇದ್ದರು.

ಜಾನ್ ಬೌಲಿಯನ್ನೇ ನೋಡಿ. ಇವನು ಹಡಗು ಕಟ್ಟುವ ಬಡಗಿ, ಸ್ವತಂತ್ರ ಮನುಷ್ಯ. ಇವನ ಹೆಂಡತಿ ಕೆಸಾಯಾ ಹ್ಯಾರಿಯೆಟ್‌ಳ ಅಕ್ಕನ ಮಗಳು. 1850ರ ಡಿಸೆಂಬರ್‌ನಲ್ಲಿ ಮೇರಿಲ್ಯಾಂಡಿನ ಕೇಂಬ್ರಿಜ್ ಪಟ್ಟಣದ ನ್ಯಾಯಾಲಯದ ಮುಂದೆ ಅವಳನ್ನೂ ಇಬ್ಬರು ಮಕ್ಕಳನ್ನೂ ಹರಾಜಿಗೆ ನಿಲ್ಲಿಸಿದರು. ಕೂಗು ನಡೆಯಿತು, ಬೆಲೆ ಏರಿತು, ಹರಾಜು ಮುಗಿಯಿತು. ಹರಾಜು ಕೂಗಿದವನು ಊಟಕ್ಕೆ ಹೋದ. ತಿರುಗಿ ಬಂದು ದುಡ್ಡು ಕಟ್ಟಲು ಕರೆದರೆ ಯಾರೂ ಮುಂದೆ ಬರಲಿಲ್ಲ. ಕೊನೆಯ ಬೆಲೆ ಕೂಗಿದವನು ಜಾನ್ ಬೌಲಿ. ಅವನ ಬಳಿ ಅಷ್ಟು ಹಣವಿರಲಿಲ್ಲ. ಮರು ಹರಾಜು ಎಂದು ಕೆಸಾಯಾಳನ್ನು ಹುಡುಕಿದರೆ ತಾಯಿಯೂ ಇಲ್ಲ, ಮಕ್ಕಳೂ ಇಲ್ಲ. ಅವರು ಹತ್ತಿರದಲ್ಲೇ ಒಂದು ಮನೆಯಲ್ಲಿದ್ದರು. ಕತ್ತಲಾದ ಮೇಲೆ ಬೌಲಿ ಅವರನ್ನು ದೋಣಿಗೆ ಹತ್ತಿಸಿಕೊಂಡು ಚೆಸಪೀಕ್ ಕೊಲ್ಲಿಯ ಚಳಿಗಾಳಿಯಲ್ಲಿ ಬಾಲ್ಟಿಮೋರ್ ತಲುಪಿಸಿದ. ಅಲ್ಲಿ ಹ್ಯಾರಿಯೆಟ್ ಕಾಯುತ್ತಿದ್ದಳು.

ಅದು ಹ್ಯಾರಿಯೆಟ್ ಟಬ್‌ಮನ್ ಮಾಡಿದ ಮೊದಲ ಪಾರುಗಾಣಿಕೆ. ಆಕೆ 1822ರ ಸುಮಾರಿಗೆ ಮೇರಿಲ್ಯಾಂಡಿನ ಡಾರ್ಚೆಸ್ಟರ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಗುಲಾಮಳಾಗಿ ಹುಟ್ಟಿದವಳು. ಹುಡುಗಿಯಾಗಿದ್ದಾಗ ಓಡುತ್ತಿದ್ದ ಬೇರೊಬ್ಬ ಗುಲಾಮನ ಕಡೆಗೆ ಮೇಲ್ವಿಚಾರಕನೊಬ್ಬ ಎಸೆದ ತೂಕದ ಬೊಟ್ಟು ಇವಳ ತಲೆಗೆ ಬಿದ್ದು, ಜೀವನವಿಡೀ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುವ ಬಾಧೆ ಅಂಟಿಕೊಂಡಿತು. ಓದುಬರಹ ಬಾರದು. 1849ರಲ್ಲಿ ತಾನು ತಪ್ಪಿಸಿಕೊಂಡು ಹೋದಳು. ಹೋದವಳು ಅಲ್ಲೇ ಉಳಿಯಲಿಲ್ಲ, ತಿರುಗಿ ಬಂದಳು. 1860ರವರೆಗೆ ಸುಮಾರು ಹದಿಮೂರು ಸಲ ಬಂದು ಸುಮಾರು 70 ಜನರನ್ನು ಕರೆದೊಯ್ದಳು. ಇನ್ನೂ ಹಲವು ಹತ್ತು ಜನರಿಗೆ ದಾರಿ ಹೇಳಿಕೊಟ್ಟು ಕಳುಹಿಸಿದಳು. ಮುನ್ನೂರು ಜನ, ಹತ್ತೊಂಬತ್ತು ಸಲ ಎಂಬ ಲೆಕ್ಕ ಹಳೆಯ ಜೀವನಚರಿತ್ರೆಯೊಂದರಿಂದ ಹಬ್ಬಿದ ಉತ್ಪ್ರೇಕ್ಷೆ. ಅದರ ಅಗತ್ಯವೇ ಇಲ್ಲ. ಹುಲಿಯ ಗವಿಯೊಳಗೆ ಹದಿಮೂರು ಸಲ ಹೋಗಿ ಬಂದವಳ ದೊಡ್ಡತನಕ್ಕೆ ಸೊನ್ನೆ ಸೇರಿಸಬೇಕಿಲ್ಲ.

ಆಕೆಯ ಕೆಲಸದ ಕ್ರಮ ನೋಡಿದರೆ ಎಷ್ಟು ಲೆಕ್ಕಾಚಾರದವಳು ಎಂದು ತಿಳಿಯುತ್ತದೆ. ಚಳಿಗಾಲದಲ್ಲಿ ಬರುತ್ತಿದ್ದಳು, ಏಕೆಂದರೆ ರಾತ್ರಿ ದೀರ್ಘ, ಜನ ಮನೆಯೊಳಗೆ. ಶನಿವಾರ ರಾತ್ರಿ ಹೊರಡಿಸುತ್ತಿದ್ದಳು. ಭಾನುವಾರ ಮುದ್ರಣಾಲಯ ಮುಚ್ಚಿರುತ್ತದೆ, ಓಡಿಹೋದವರ ಮೇಲೆ ಇನಾಮಿನ ಪ್ರಕಟಣೆ ಅಚ್ಚಾಗಬೇಕಾದರೆ ಸೋಮವಾರವಾಗಬೇಕು. ತೋಟದ ಮನೆಗಳ ಹತ್ತಿರಕ್ಕೆ ಆದಷ್ಟು ಹೋಗುತ್ತಿರಲಿಲ್ಲ. ದೂರದ ಒಂದು ಜಾಗ ಗೊತ್ತುಮಾಡಿ ಹೊರಡುವವರನ್ನೇ ಅಲ್ಲಿಗೆ ಬರಹೇಳುತ್ತಿದ್ದಳು. ಕೂಸುಗಳು ಅಳದಿರಲು ಅಫೀಮು ಬೆರೆತ ಔಷಧಿ ಕುಡಿಸುತ್ತಿದ್ದಳು. ಸೊಂಟದಲ್ಲಿ ಪಿಸ್ತೂಲು ಇರುತ್ತಿತ್ತು. ಅರ್ಧ ದಾರಿಯಲ್ಲಿ ಹೆದರಿ ಹಿಂತಿರುಗುತ್ತೇನೆನ್ನುವವನಿಗೂ ಅದನ್ನು ತೋರಿಸುತ್ತಿದ್ದಳು, ಏಕೆಂದರೆ ಹಿಂತಿರುಗಿದ ಒಬ್ಬನಿಂದ ದಾರಿಯಲ್ಲಿ ಆಶ್ರಯ ಕೊಟ್ಟ ಎಲ್ಲರೂ ಹಾಳಾಗುತ್ತಿದ್ದರು.

ಸುದ್ದಿ ಮುಟ್ಟಿಸುವುದು ಹೇಗೆ? 1854ರ ಕ್ರಿಸ್‌ಮಸ್‌ಗೆ ಮುಂಚೆ ಆಕೆ ಹೇಳಿ ಬರೆಸಿದ ಒಂದು ಪತ್ರ ಡಾರ್ಚೆಸ್ಟರಿನ ಜೇಕಬ್ ಜಾಕ್ಸನ್ ಎಂಬ, ಓದುಬರಹ ಬಲ್ಲ ಸ್ವತಂತ್ರ ಕಪ್ಪು ಮನುಷ್ಯನಿಗೆ ಬಂತು. ಉತ್ತರದಲ್ಲಿದ್ದ ಅವನ ಸಾಕುಮಗನ ಹೆಸರಿನಲ್ಲಿ ಬರೆದ ಪತ್ರ. ‘ಹಿರಿಯರಿಗೆ ನನ್ನ ಪ್ರೀತಿ ತಿಳಿಸು. ನನ್ನ ತಮ್ಮಂದಿರು ಸದಾ ಪ್ರಾರ್ಥನೆಯಲ್ಲಿ ಎಚ್ಚರವಾಗಿರಲಿ, ಜಿಯೋನಿನ ಹಡಗು ಬಂದಾಗ ಹತ್ತಲು ಸಿದ್ಧವಾಗಿರಲಿ’ ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ಜಿಯೋನ್ ಎಂದರೆ ಬೈಬಲಿನ ಪುಣ್ಯನಗರ. ಕಪ್ಪು ಜನರಿಗೆ ಬರುವ ಕಾಗದಗಳನ್ನು ಅಂಚೆಯವರು ಮೊದಲೇ ಒಡೆದು ಓದುತ್ತಿದ್ದರು. ಆ ಸಾಕುಮಗನಿಗೆ ತಮ್ಮಂದಿರೂ ಇಲ್ಲ, ಊರಿನಲ್ಲಿ ಹಿರಿಯರೂ ಇಲ್ಲ. ಅನುಮಾನ ಬಂದು ಜಾಕ್ಸನ್‌ನನ್ನು ಕರೆಸಿ ಕಾಗದ ಕೊಟ್ಟರು. ಅವನು ಒಂದು ಸಲ ಕಣ್ಣಾಡಿಸಿದ, ಎಲ್ಲವೂ ಅರ್ಥವಾಯಿತು. ಇದು ತನಗೆ ಬಂದದ್ದಲ್ಲ, ತಲೆಬುಡ ತಿಳಿಯುವುದಿಲ್ಲ ಎಂದು ಕಾಗದ ಹಿಂದಕ್ಕೆ ಕೊಟ್ಟು ಹೊರಬಿದ್ದ. ಅಲ್ಲಿಂದ ನೇರವಾಗಿ ಹ್ಯಾರಿಯೆಟ್‌ಳ ಸಹೋದರರ ಬಳಿಗೆ ಹೋಗಿ ಹೊರಡಲು ಸಿದ್ಧರಾಗಿ ಎಂದ. ಜೇಕಬ್ ಜಾಕ್ಸನ್ ಮಾಡಿದ್ದು ಇಷ್ಟೇ. ಒಂದು ಕಾಗದ ಓದಿದ, ಅರ್ಥವಾಗಲಿಲ್ಲ ಎಂದ, ಎರಡು ಮಾತು ಮುಟ್ಟಿಸಿದ. ಮೂರು ಜೀವಗಳು ಹರಾಜಿನಿಂದ ತಪ್ಪಿದವು.

ಆ ರಾತ್ರಿ ಸಹೋದರರಲ್ಲಿ ಒಬ್ಬನಾದ ರಾಬರ್ಟ್ ತಡವಾಗಿ ಬಂದ. ಹೆಂಡತಿಗೆ ಅದೇ ಹೊತ್ತಿಗೆ ಹೆರಿಗೆ ನೋವು ಬಂದಿತ್ತು. ಹ್ಯಾರಿಯೆಟ್ ಯಾರಿಗೂ ಕಾಯುವವಳಲ್ಲ. ಮಗು ಹುಟ್ಟಿದ್ದನ್ನು ನೋಡಿ, ಹೆಂಡತಿಗೆ ಹೇಳಲಾಗದೆ, ಅವನು ಕತ್ತಲಲ್ಲಿ ಓಡಿ ಬಂದು ಪಾಪ್ಲರ್ ನೆಕ್‌ನಲ್ಲಿ ಕೂಡಿಕೊಂಡ. ಬಿಡುಗಡೆಯ ಕಥೆಗಳನ್ನು ಓದುವಾಗ ನನಗೆ ಯಾವಾಗಲೂ ತೊಡರುವುದು ಇಂಥ ಜಾಗದಲ್ಲಿ. ಹೊರಟವರ ಹಿಂದೆ ಉಳಿದವರಿದ್ದರು.

ಪಾಪ್ಲರ್ ನೆಕ್‌ನಿಂದ ಉತ್ತರಕ್ಕೆ ನಡೆದವರು ಡಿಸೆಂಬರ್ ಕೊನೆಯ ವಾರದಲ್ಲಿ ವಿಲ್ಮಿಂಗ್ಟನ್ ತಲುಪಿದರು. ಅಲ್ಲಿ ಕಬ್ಬಿಣದ ವ್ಯಾಪಾರಿ ಥಾಮಸ್ ಗ್ಯಾರೆಟ್ ಇದ್ದ. ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥದವನು, 1789ರಲ್ಲಿ ಹುಟ್ಟಿದವನು. ಯುವಕನಾಗಿದ್ದಾಗ ತನ್ನ ಮನೆಯಲ್ಲಿ ಕೆಲಸಕ್ಕಿದ್ದ ಸ್ವತಂತ್ರ ಕಪ್ಪು ಹೆಂಗಸೊಬ್ಬಳನ್ನು ಮಾರುವ ಉದ್ದೇಶದಿಂದ ಅಪಹರಿಸಿಕೊಂಡು ಹೋದಾಗ, ಗಾಡಿಯ ಗಾಲಿ ಗುರುತು ಹಿಡಿದು ಬೆನ್ನಟ್ಟಿ ಬಿಡಿಸಿ ತಂದಿದ್ದ. ಅಂದಿನಿಂದ ಇದೇ ಅವನ ಬದುಕಿನ ಕೆಲಸವಾಯಿತು. ಡೆಲವೇರ್ ಇನ್ನೂ ಗುಲಾಮಗಿರಿಯ ರಾಜ್ಯ. ಪೆನ್ಸಿಲ್ವೇನಿಯಾದ ಗಡಿ ಅಲ್ಲಿಂದ ಕೆಲವೇ ಗಂಟೆಗಳ ನಡಿಗೆ. ಅಂದರೆ ಗ್ಯಾರೆಟ್‌ನ ಮನೆ ಕೊನೆಯ ಹೊಸ್ತಿಲು. ದಾಟಿಸಿದವರ ಲೆಕ್ಕವನ್ನು ಅವನು ಇಡುತ್ತಿದ್ದ, ಅದು 2,700ರ ಸುಮಾರಿಗೆ ಬಂದಿತ್ತು.

1854ರ ಡಿಸೆಂಬರ್ 29ರಂದು ಅವನು ಫಿಲಡೆಲ್ಫಿಯಾದ ಸ್ನೇಹಿತನಿಗೆ ಒಂದು ಚಿಕ್ಕ ಪತ್ರ ಬರೆದ. ಹಿಂದಿನ ರಾತ್ರಿ ಹ್ಯಾರಿಯೆಟ್ ಟಬ್‌ಮನ್‌ಳನ್ನು ಆರು ಗಂಡಸರು ಮತ್ತು ಒಬ್ಬ ಹೆಂಗಸಿನೊಂದಿಗೆ ಮುಂದಿನ ಮನೆಗೆ ಕಳುಹಿಸಿದ್ದೇನೆ, ಹ್ಯಾರಿಯೆಟ್ ಮತ್ತು ಒಬ್ಬ ಗಂಡಸಿನ ಬೂಟುಗಳು ಕಾಲಿನಿಂದ ಕಳಚಿ ಹೋಗುವಷ್ಟು ಸವೆದಿದ್ದವು, ಎರಡು ಡಾಲರ್ ಕೊಟ್ಟಿದ್ದೇನೆ, ನನ್ನ ಖರ್ಚಿನಲ್ಲಿ ಒಂದು ಗಾಡಿ ಬಾಡಿಗೆಗೆ ಹಿಡಿಯಲು ಹೇಳಿದ್ದೇನೆ. ಪತ್ರದ ಸಾರ ಇಷ್ಟು. ಇದರಲ್ಲಿ ದೊಡ್ಡ ಮಾತುಗಳಿಲ್ಲ. ಬೂಟು, ಎರಡು ಡಾಲರ್, ಗಾಡಿ ಬಾಡಿಗೆ. ‘ಭೂಗತ ರೈಲು’ ದಿನದಿನವೂ ಓಡಿದ್ದು ಇವುಗಳ ಮೇಲೆ. ಹಣ ಎಲ್ಲಿಂದಲೋ ಬರಬೇಕಿತ್ತು. ಗ್ಯಾರೆಟ್‌ನ ಕಬ್ಬಿಣದ ಅಂಗಡಿಯಿಂದ, ಫಿಲಡೆಲ್ಫಿಯಾದ ಚಂದಾದಿಂದ, ಸಮುದ್ರದಾಚೆ ಸ್ಕಾಟ್ಲೆಂಡಿನ ಎಡಿನ್‌ಬರೋದ ಮಹಿಳೆಯರು ಸಂಗ್ರಹಿಸಿ ಕಳುಹಿಸಿದ ದುಡ್ಡಿನಿಂದ ಬರುತ್ತಿತ್ತು.

ಎರಡು ವರ್ಷದ ನಂತರ, 1856ರ ನವೆಂಬರ್‌ನಲ್ಲಿ, ಇದೇ ವಿಲ್ಮಿಂಗ್ಟನ್‌ನಲ್ಲಿ ಇನ್ನೂ ಬಿಕ್ಕಟ್ಟಿನ ಸನ್ನಿವೇಶ ಬಂತು. ಹ್ಯಾರಿಯೆಟ್ ಕರೆತಂದವರಲ್ಲಿ ಜೋ ಬೈಲಿ ಎಂಬವನಿದ್ದ. ಅವನೊಬ್ಬನ ತಲೆಯ ಮೇಲೆ 1,500 ಡಾಲರ್ ಇನಾಮು. ಊರಿಗೆ ಹೋಗಬೇಕಾದರೆ ಕ್ರಿಸ್ಟಿನಾ ನದಿಯ ಸೇತುವೆ ದಾಟಬೇಕು, ಸೇತುವೆಯ ಮೇಲೆ ಪೊಲೀಸರು. ಬಂದವರು ನದಿಯ ದಕ್ಷಿಣಕ್ಕೆ ಬೇರೆ ಬೇರೆ ಮನೆಗಳಲ್ಲಿ ಅಡಗಿದರು, ಗ್ಯಾರೆಟ್‌ಗೆ ಸುದ್ದಿ ಹೋಯಿತು. ಅವನು ಎರಡು ಗಾಡಿಗಳಲ್ಲಿ ಗಾರೆ ಕೆಲಸದವರನ್ನು ತುಂಬಿ ಬೆಳಗ್ಗೆ ಸೇತುವೆಯ ಮೇಲಿಂದ ಕಳುಹಿಸಿದ. ಅವರು ಹಾಡುತ್ತಾ ಕೂಗುತ್ತಾ ಕೆಲಸಕ್ಕೆ ಹೋಗುವವರಂತೆ ದಾಟಿದರು. ಕಾವಲಿನವರು ನೋಡಿ ಸುಮ್ಮನಾದರು. ಕತ್ತಲಾದ ಮೇಲೆ ಅದೇ ಗಾಡಿಗಳು ಅದೇ ಹಾಡು ಹಾಡುತ್ತಾ ತಿರುಗಿ ಬಂದವು. ಬೆಳಗ್ಗೆ ಹೋದವರೇ ಬಂದರೆಂದು ಕಾವಲಿನವರು ಬಿಟ್ಟರು. ಗಾಡಿಯ ತಳದಲ್ಲಿ ಹ್ಯಾರಿಯೆಟ್ ಮತ್ತು ಅವಳ ಜನ ಮಲಗಿದ್ದರು. ಆ ಗಾರೆ ಕೆಲಸದವರ ಹೆಸರುಗಳು ಯಾವ ಸ್ಮಾರಕದ ಮೇಲೂ ಇಲ್ಲ. ಸಿಕ್ಕಿಬಿದ್ದಿದ್ದರೆ ಅವರಿಗೂ ಜೈಲೇ.

ಜೋ ಬೈಲಿ ಆಮೇಲೂ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ರೈಲು ನಯಾಗರದ ತೂಗುಸೇತುವೆಯ ಮೇಲೆ ಹೋಗುವಾಗ ಜೊತೆಯವರು ಜಲಪಾತ ನೋಡು ಎಂದು ಕರೆದರೂ ಕೈಯಲ್ಲಿ ತಲೆ ಹಿಡಿದು ಕುಳಿತೇ ಇದ್ದ. ಸೇತುವೆಯ ಇಳಿಜಾರು ಬಂದಾಗ, ದಾಟಿದೆ, ನೀನೀಗ ಕೆನಡಾದಲ್ಲಿದ್ದೀಯೆ ಎಂದು ಹ್ಯಾರಿಯೆಟ್ ಅವನನ್ನು ಅಲುಗಿಸಿದಳು. ಆಗ ತಲೆ ಎತ್ತಿದ, ಕಣ್ಣೀರು ಸುರಿಯುತ್ತಿತ್ತು, ಗಟ್ಟಿಯಾಗಿ ಹಾಡತೊಡಗಿದ.

ಸಿಕ್ಕಿಬಿದ್ದ ಸಹಾಯಕರಿಗೆ ಏನಾಗುತ್ತಿತ್ತು ಎಂಬುದು ಈ ವಿಷಯದ ಅತ್ಯಂತ ಕಹಿಯಾದ ಭಾಗ. 1845ರ ಡಿಸೆಂಬರ್‌ನಲ್ಲಿ ಹಿಮ ಬೀಳುತ್ತಿದ್ದಾಗ ಹಾಕಿನ್ಸ್ ಎಂಬ ಕುಟುಂಬ ಡೆಲವೇರಿನ ಮಿಡಲ್‌ಟೌನ್ ಬಳಿಯ ಜಾನ್ ಹನ್ ಎಂಬ ಕ್ವೇಕರ್ ರೈತನ ಮನೆಗೆ ಬಂತು. ತಂದೆ, ತಾಯಿ, ಆರು ಮಕ್ಕಳು. ಅವರನ್ನು ಅಲ್ಲಿಗೆ ಕರೆತಂದವನು ಸ್ಯಾಮ್ಯುಯೆಲ್ ಬರಿಸ್, ಸ್ವತಂತ್ರ ಕಪ್ಪು ಮನುಷ್ಯ. ಕುಟುಂಬವನ್ನು ಹಿಡಿದು ನ್ಯೂ ಕ್ಯಾಸಲ್ ಜೈಲಿಗೆ ಹಾಕಿದರು. ಬಂಧನದ ಕಾಗದಗಳು ಸರಿಯಿಲ್ಲವೆಂದು ನ್ಯಾಯಾಧೀಶ ಬಿಟ್ಟುಬಿಟ್ಟ. ಗ್ಯಾರೆಟ್ ಕೂಡಲೇ ಗಾಡಿ ಮಾಡಿ ಅವರನ್ನು ಪಾರು ಮಾಡಿದ. ಒಡೆಯರು ಗ್ಯಾರೆಟ್ ಮತ್ತು ಹನ್ ಮೇಲೆ ಮೊಕದ್ದಮೆ ಹೂಡಿದರು. 1848ರಲ್ಲಿ ನ್ಯೂ ಕ್ಯಾಸಲ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಪೀಠದಲ್ಲಿದ್ದವನು ರೋಜರ್ ಟೇನಿ, ಅಮೆರಿಕದ ಮುಖ್ಯ ನ್ಯಾಯಮೂರ್ತಿ. ಒಂಬತ್ತು ವರ್ಷದ ನಂತರ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಕಪ್ಪು ಜನರು ಆ ದೇಶದ ಪ್ರಜೆಗಳಾಗಲಾರರು ಎಂದು ತೀರ್ಪು ಬರೆದವನೂ ಅವನೇ. ಇಬ್ಬರಿಗೂ ಸಾವಿರಾರು ಡಾಲರ್ ದಂಡ ಬಿತ್ತು. ತೀರ್ಪಿನ ನಂತರ ಗ್ಯಾರೆಟ್ ಎದ್ದು ನಿಂತು, ಮನೆಗೆ ಇನ್ನೊಂದು ಮಹಡಿ ಕಟ್ಟಿಸುತ್ತೇನೆ, ಬರುವವರಿಗೆ ಜಾಗ ಸಾಲದು ಎಂದನೆಂಬ ಮಾತು ಆ ಸೀಮೆಯಲ್ಲಿ ಇಂದಿಗೂ ಹೇಳಿಕೆಯಲ್ಲಿದೆ.

ಬರಿಸ್‌ಗೆ ಬಂದ ಶಿಕ್ಷೆ ಬೇರೆ ಬಗೆಯದು. 1847ರಲ್ಲಿ ಅವನು ಇನ್ನೊಬ್ಬ ಹೆಂಗಸನ್ನು ದಾಟಿಸುವಾಗ ಸಿಕ್ಕಿಬಿದ್ದ. ಡೆಲವೇರಿನ ಡೋವರ್ ಪಟ್ಟಣದ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಆಮೇಲೆ ಅವನನ್ನೇ ಮಾರಬೇಕೆಂದು ನ್ಯಾಯಾಲಯ ಆಜ್ಞೆ ಮಾಡಿತು. ಬಿಳಿಯನ ಅಪರಾಧಕ್ಕೆ ಹಣ, ಕಪ್ಪು ಮನುಷ್ಯನ ಅದೇ ಅಪರಾಧಕ್ಕೆ ಅವನ ಮೈ. ವಿಲ್ಮಿಂಗ್ಟನ್‌ನ ಗುಲಾಮಗಿರಿ ವಿರೋಧಿಗಳು ಹಣ ಕೂಡಿಸಿ ಐಸಾಕ್ ಫ್ಲಿಂಟ್ ಎಂಬವನನ್ನು ಹರಾಜಿಗೆ ಕಳುಹಿಸಿದರು. ಗುಲಾಮರ ವ್ಯಾಪಾರಿಗಳು ಹೇಗೆ ಮಾತಾಡುತ್ತಾರೆ, ಆಳನ್ನು ಹೇಗೆ ಮುಟ್ಟಿ ತಟ್ಟಿ ಪರೀಕ್ಷಿಸುತ್ತಾರೆ ಎಂಬುದನ್ನು ಅವನು ಕಲಿತುಕೊಂಡು ಹೋಗಿದ್ದ. ಬರಿಸ್‌ನ ಕೈಕಾಲುಗಳನ್ನು ನಿಜವಾದ ವ್ಯಾಪಾರಿಯಂತೆ ಹಿಡಿದು ನೋಡಿದ, ಬೆಲೆ ಕೂಗಿದ, ಕೊಂಡ. ತಾನು ದಕ್ಷಿಣದ ಹತ್ತಿ ಹೊಲಕ್ಕೆ ಹೋಗುತ್ತಿದ್ದೇನೆಂದೇ ಬರಿಸ್ ನಂಬಿದ್ದ. ಫ್ಲಿಂಟ್ ಅವನ ಕಿವಿಯಲ್ಲಿ, ನಿನ್ನನ್ನು ಕೊಂಡದ್ದು ಗುಲಾಮಗಿರಿ ವಿರೋಧಿಗಳ ಹಣ ಎಂದು ಪಿಸುಗುಟ್ಟಿದ. ಆ ಅಪರಾಧಕ್ಕಾಗಿ ಡೆಲವೇರಿನ ಗವರ್ನರ್ ಬರಿಸ್‌ಗೆ ಕ್ಷಮಾದಾನ ಕೊಟ್ಟದ್ದು 2015ರಲ್ಲಿ.

ಸಹಾಯ ಮಾಡುವವರೆಲ್ಲ ನಂಬಿಕೆಗೆ ಅರ್ಹರಾಗಿದ್ದರು ಎಂದು ತಿಳಿಯಬಾರದು. 1857ರ ಮಾರ್ಚ್‌ನಲ್ಲಿ ಡಾರ್ಚೆಸ್ಟರಿನಿಂದ ಎಂಟು ಜನ ಒಟ್ಟಿಗೆ ಓಡಿಬಂದರು. ಅವರ ಮೇಲೆ 3,000 ಡಾಲರ್ ಇನಾಮು. ಥಾಮಸ್ ಆಟ್‌ವೆಲ್ ಎಂಬ ಕಪ್ಪು ಮಾರ್ಗದರ್ಶಿ ಆ ಹಣಕ್ಕೆ ಮನಸೋತು, ಆಶ್ರಯದ ಮನೆ ಎಂದು ರಾತ್ರಿ ಅವರನ್ನು ಡೋವರ್ ಜೈಲಿನೊಳಗೇ ಕರೆದೊಯ್ದ. ಬೆಳದಿಂಗಳಲ್ಲಿ ಕಿಟಕಿಯ ಕಂಬಿಗಳು ಕಂಡವು. ಅಪಾಯ ತಿಳಿದವರೇ ಕೆಳಗಿಳಿದು ಷರೀಫನ ಕೋಣೆಗೆ ನುಗ್ಗಿದರು. ಹೆನ್ರಿ ಎಂಬವನು ಒಲೆಯ ಕೆಂಡಗಳನ್ನು ಕೋಣೆಯ ತುಂಬ ಎರಚಿ, ಕಿಟಕಿ ಒಡೆದು, ಉಳಿದವರು ಹಾರಿಹೋಗುವವರೆಗೆ ಅಡ್ಡ ನಿಂತ, ಕೊನೆಗೆ ತಾನೂ ಹಾರಿದ. ಎಂಟೂ ಜನ ತಪ್ಪಿಸಿಕೊಂಡರು. ಆದರೆ ಒಡೆಯರ ಕೋಪ ಹಿಂದೆ ಉಳಿದವರ ಮೇಲೆ ತಿರುಗಿತು. ಡಾರ್ಚೆಸ್ಟರಿನ ಸ್ಯಾಮ್ಯುಯೆಲ್ ಗ್ರೀನ್ ಎಂಬ ಸ್ವತಂತ್ರ ಕಪ್ಪು ಬೋಧಕನ ಮನೆ ಶೋಧಿಸಿದರು. ಸಿಕ್ಕಿದ್ದು ಕೆನಡಾದ ನಕ್ಷೆ, ರೈಲಿನ ವೇಳಾಪಟ್ಟಿ, ಕೆನಡಾಕ್ಕೆ ಓಡಿಹೋಗಿದ್ದ ಮಗನ ಕಾಗದ, ಗುಲಾಮಗಿರಿಯನ್ನು ಖಂಡಿಸುವ ಒಂದು ಕಾದಂಬರಿ. ಓಡಿಹೋದವರಿಗೆ ನೆರವಾದನೆಂದು ಸಾಬೀತು ಮಾಡಲಾಗಲಿಲ್ಲ. ಆ ಕಾದಂಬರಿ ಇಟ್ಟುಕೊಂಡ ಅಪರಾಧಕ್ಕೆ ಹತ್ತು ವರ್ಷ ಜೈಲು ಕೊಟ್ಟರು. 1862ರಲ್ಲಿ, ರಾಜ್ಯ ಬಿಟ್ಟು ಹೋಗಬೇಕೆಂಬ ಷರತ್ತಿನ ಮೇಲೆ ಹೊರಗೆ ಬಿಟ್ಟರು.

ಈ ದಾರಿ ಮುಟ್ಟುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿದ್ದ ವಿಲಿಯಂ ಸ್ಟಿಲ್‌ನ ಮೇಜಿಗೆ. ಗುಲಾಮಗಿರಿಯಿಂದ ಹೊರಬಂದ ತಂದೆತಾಯಿಗೆ ನ್ಯೂ ಜರ್ಸಿಯಲ್ಲಿ 1821ರಲ್ಲಿ ಹುಟ್ಟಿದ ಕೊನೆಯ ಮಗ, ಗುಲಾಮಗಿರಿ ವಿರೋಧಿ ಸಂಘದ ಕಚೇರಿಯಲ್ಲಿ ಗುಮಾಸ್ತ. ಬಂದವರಿಗೆ ಊಟ, ಬಟ್ಟೆ, ವೈದ್ಯ, ಮುಂದಿನ ರೈಲಿನ ಟಿಕೆಟ್ಟು ಒದಗಿಸುವುದು ಅವನ ಕೆಲಸ. ಅವನ ಹೆಂಡತಿ ಲೆಟಿಷಿಯಾ ದರ್ಜಿ ಕೆಲಸ ಮಾಡುತ್ತಾ, ಬಂದವರಿಗೆ ಮನೆಯಲ್ಲಿ ಜಾಗ ಕೊಟ್ಟು ಅಡುಗೆ ಮಾಡಿ ಬಡಿಸುತ್ತಿದ್ದಳು.

1850ರ ಆಗಸ್ಟ್‌ನಲ್ಲಿ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಕಚೇರಿಗೆ ಬಂದ. ಹೆಸರು ಪೀಟರ್. ಅಲಬಾಮಾದಲ್ಲಿ ದುಡಿದು ತನ್ನನ್ನು ತಾನೇ ಬಿಡಿಸಿಕೊಂಡು ಬಂದವನು. ಚಿಕ್ಕಂದಿನಲ್ಲಿ ತಾಯಿಯಿಂದ ಅಗಲಿದವನು, ನಲವತ್ತು ವರ್ಷಗಳ ಮೇಲೆ ಅವಳನ್ನು ಹುಡುಕಿಕೊಂಡು ಬಂದಿದ್ದ. ತಂದೆಯ ಹೆಸರು ಲೆವಿನ್, ತಾಯಿಯ ಹೆಸರು ಸಿಡ್ನಿ ಎಂಬುದಷ್ಟೇ ನೆನಪು. ಸ್ಟಿಲ್ ಬರೆದುಕೊಳ್ಳುತ್ತಿದ್ದವನು ನಿಂತ. ಅವು ಅವನ ತಂದೆತಾಯಿಯ ಹೆಸರುಗಳೇ. ತಾಯಿ ಓಡಿಬರುವಾಗ ನಾಲ್ಕೂ ಮಕ್ಕಳನ್ನು ತರಲಾಗದೆ ಇಬ್ಬರು ಹೆಣ್ಣುಮಕ್ಕಳನ್ನು ಎತ್ತಿಕೊಂಡು, ಮಲಗಿದ್ದ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಬಂದಿದ್ದಳು. ಬಿಟ್ಟುಬಂದ ಆ ಮಗ, ತಾನು ಎಂದೂ ನೋಡಿರದ ಅಣ್ಣ, ಈಗ ಎದುರು ಕುಳಿತಿದ್ದ. ತಾಯಿ ಇನ್ನೂ ಬದುಕಿದ್ದಳು. ಪೀಟರ್ ಅವಳನ್ನು ಕಂಡ.

ಇದಾದ ಮೇಲೆ ಸ್ಟಿಲ್ ಬಂದವರ ಮಾತುಗಳನ್ನೆಲ್ಲ ಜತನದಿಂದ ಬರೆದಿಟ್ಟ. ಹೆಸರು, ವಯಸ್ಸು, ಒಡೆಯ ಯಾರು, ಬಿಟ್ಟುಬಂದವರು ಯಾರು, ಈಗಿನ ಹೊಸ ಹೆಸರೇನು. ಇಂಥ ಬರಹ ಸಿಕ್ಕಿದರೆ ಗಲ್ಲಿಗೆ ಹಗ್ಗ ಕೊಟ್ಟಂತೆ. ಆದರೆ ಇಲ್ಲದಿದ್ದರೆ ತಾಯಿ ಮಗನನ್ನು, ಗಂಡ ಹೆಂಡತಿಯನ್ನು ಮತ್ತೆ ಹುಡುಕುವುದು ಹೇಗೆ? ಅಪಾಯ ಹೆಚ್ಚಾದಾಗ ಕಾಗದಗಳನ್ನು ಒಂದು ಸ್ಮಶಾನದ ಕಟ್ಟಡದಲ್ಲಿ ಬಚ್ಚಿಟ್ಟ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1872ರಲ್ಲಿ, ಪುಸ್ತಕವಾಗಿ ಅಚ್ಚು ಹಾಕಿಸಿದ. ಈ ದಾರಿಯ ಬಗ್ಗೆ ನಾವು ಇಷ್ಟು ಖಚಿತವಾಗಿ ಮಾತಾಡಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಆ ಗುಮಾಸ್ತನಿಂದ. ಕೌದಿಗಳಲ್ಲಿ ಗುಪ್ತ ಸಂಕೇತ ಹೊಲಿದು ಬೇಲಿಯ ಮೇಲೆ ಹಾಕುತ್ತಿದ್ದರು ಎಂಬಂಥ ಕಥೆಗಳು ಇಂದು ಮಕ್ಕಳ ಪುಸ್ತಕಗಳಲ್ಲಿ ಹರಡಿವೆ. ಅವಕ್ಕೆ ಆ ಕಾಲದ ಆಧಾರ ಸಿಕ್ಕಿಲ್ಲ. ಸ್ಟಿಲ್ ಬರೆದಿಟ್ಟವುಗಳಲ್ಲಿ ಇರುವುದು ದೋಣಿ, ಗಾಡಿ, ಸುಳ್ಳು ಪಾಸು, ಗಂಡಸಿನ ವೇಷ ತೊಟ್ಟ ಹೆಂಗಸು, ಹಸಿವು.

ಒಟ್ಟು ಎಷ್ಟು ಜನ ಪಾರಾದರು? ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಒಂದು ಲಕ್ಷದವರೆಗೆ ಎಂಬ ಅಂದಾಜಿದೆ. 1860ರಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 40 ಲಕ್ಷ. ಸಂಖ್ಯೆಯಲ್ಲಿ ಇದು ಚಿಕ್ಕದು. ಆದರೆ ಪ್ರತಿಯೊಬ್ಬರ ಪಲಾಯನವೂ, ಗುಲಾಮರು ತಮ್ಮ ಪಾಡಿಗೆ ಸುಖವಾಗಿದ್ದಾರೆ ಎಂಬ ಒಡೆಯರ ಮಾತನ್ನು ಸುಳ್ಳು ಮಾಡುತ್ತಿತ್ತು. ಪ್ರತಿಯೊಂದು ಬಂಧನವೂ ಗುಲಾಮಗಿರಿಯನ್ನು ಉತ್ತರದವರ ಮನೆಬಾಗಿಲಿಗೆ ತಂದು ನಿಲ್ಲಿಸುತ್ತಿತ್ತು.

ಡೋವರ್‌ನಿಂದ ತಪ್ಪಿಸಿಕೊಂಡ ಆ ಎಂಟು ಜನರಿಗೆ ದಾರಿಯಲ್ಲಿ ಆಶ್ರಯ ಕೊಟ್ಟವರಲ್ಲಿ ಬೆನ್ ರಾಸ್ ಕೂಡ ಒಬ್ಬ. ಅನುಮಾನ ಅವನ ಮೇಲೂ ಬಂತು, ಬಂಧನ ಖಚಿತ ಎಂಬ ಸುದ್ದಿ ಹ್ಯಾರಿಯೆಟ್‌ಗೆ ಮುಟ್ಟಿತು. ಅಷ್ಟು ಹೊತ್ತಿಗೆ ಮುದುಕ ತನ್ನ ಹೆಂಡತಿಯನ್ನು ಅವಳ ಒಡತಿಯಿಂದ 20 ಡಾಲರ್‌ಗೆ ಕೊಂಡು ಬಿಡಿಸಿಕೊಂಡಿದ್ದ. 1857ರಲ್ಲಿ ಹ್ಯಾರಿಯೆಟ್ ಬಂದಳು. ವಯಸ್ಸಾದವರು ರಾತ್ರಿಯೆಲ್ಲ ನಡೆಯಲಾರರು. ಅವಳು ಒಂದು ಮುದಿ ಕುದುರೆ ಹುಡುಕಿದಳು. ಹುಲ್ಲಿನಿಂದ ಅದಕ್ಕೊಂದು ಕೊರಳಪಟ್ಟಿ ಹೆಣೆದಳು. ಹಳೆಯ ಗಾಡಿಯೊಂದರ ಎರಡು ಗಾಲಿ, ಅಚ್ಚಿನ ಮೇಲೆ ಕೂರಲು ಒಂದು ಹಲಗೆ, ಕಾಲಿಡಲು ಹಗ್ಗದಲ್ಲಿ ತೂಗುಬಿಟ್ಟ ಇನ್ನೊಂದು ಹಲಗೆ. ತಂದೆತಾಯಿಯನ್ನು ಅದರ ಮೇಲೆ ಕೂರಿಸಿ ರೈಲು ನಿಲ್ದಾಣಕ್ಕೆ ಕರೆದೊಯ್ದು ರೈಲು ಹತ್ತಿಸಿದಳು. ತಾನು ಅದೇ ಗಾಡಿ ಹೊಡೆದುಕೊಂಡು ವಿಲ್ಮಿಂಗ್ಟನ್‌ಗೆ ಬಂದಳು. ಕೆನಡಾದವರೆಗಿನ ಖರ್ಚಿಗೆ ಗ್ಯಾರೆಟ್ ಹಣ ಕೊಟ್ಟ. ಅವರು ಹೋದ ಮೇಲೆ ಆ ಕುದುರೆಯನ್ನು ಮಾರಿ, ಉಳಿದ ದುಡ್ಡನ್ನು ಅವರಿಗೆ ಕಳುಹಿಸಿಕೊಟ್ಟ.